ಮೀನೆಣ್ಣೆ ಫ್ಯಾಕ್ಟರಿಯ ಮೋಹಿನಿ

ಶಿರಿಯದ ಕಡಲ ಬದಿಯಲ್ಲಿ ಮೀನು ಮಾರುತ್ತಿದ್ದ ಕಿನ್ನಿಯ ಮಗಳು ಮೋಹಿನಿಗೆ ಇಪ್ಪತ್ತೆರಡರ ಪ್ರಾಯದಲ್ಲಿ ಒಂದು ಜ್ವರ ಬಂತು. ವಾರದೊಳಗೆ ಜ್ವರ ಬಿಟ್ಟಿತು. ಬಿಟ್ಟು ಹೋಗುವಾಗ ಅವಳ ಮೂಗಿನಲ್ಲಿದ್ದ ವಾಸನೆಯನ್ನು ಜೊತೆಗೆ ಕೊಂಡುಹೋಯಿತು.

ಅದು ಮೊದಲು ಗೊತ್ತಾದದ್ದು ಕಿನ್ನಿಗೆ. ಸಂಜೆ ಬುಟ್ಟಿ ಖಾಲಿ ಮಾಡಿ ಮನೆಗೆ ಬಂದರೆ ಗಂಜಿ ತಳ ಹಿಡಿದು ಮನೆಯೆಲ್ಲ ಕರಕಲು ವಾಸನೆ. ಮೋಹಿನಿ ಒಲೆಗೆ ಬೆನ್ನು ಹಾಕಿ ಹೊಸ್ತಿಲಲ್ಲಿ ಕೂತು ಹೊಳೆ ನೋಡುತ್ತಿದ್ದಳು. ಅಮ್ಮ ಬೈದಾಗ ಅವಳು ಪಾತ್ರೆಯ ಹತ್ತಿರ ಮುಖ ಒಯ್ದು ಉಸಿರೆಳೆದಳು. ಏನೂ ಇಲ್ಲ. ಮಲ್ಲಿಗೆ ತಂದು ಮೂಗಿಗೆ ಹಿಡಿದರು, ಶುಂಠಿ ಜಜ್ಜಿ ಹಿಡಿದರು. ಏನೂ ಇಲ್ಲ. ಕುಂಬಳೆಯ ಡಾಕ್ಟರು ಟಾರ್ಚು ಹಾಕಿ ನೋಡಿ, ಬಂದರೂ ಬರಬಹುದು, ಬಾರದೆಯೂ ಇರಬಹುದು, ಕಾಯಬೇಕು ಅಂದರು.

ಮೋಹಿನಿ ಕಾದಳು. ಮಳೆ ಬಂದು ಮಣ್ಣು ನೆನೆಯುವಾಗ ಊರಿನವರೆಲ್ಲ ಒಮ್ಮೆ ಮುಖ ಮೇಲೆತ್ತುವುದನ್ನು ಅವಳು ನೋಡುತ್ತಿದ್ದಳು. ತನಗೆ ಮಾತ್ರ ಎಲ್ಲವೂ ಗಾಜಿನ ಆಚೆ ನಡೆಯುವ ಹಾಗೆ ಅನಿಸುತ್ತಿತ್ತು. ಸಾರಿನಲ್ಲಿ ಉಪ್ಪು, ಹುಳಿ, ಖಾರ ಮಾತ್ರ ನಾಲಗೆಗೆ ತಾಗುತ್ತಿತ್ತು, ಸಾರು ತಾಗುತ್ತಿರಲಿಲ್ಲ. ಅವಳಿಗೆ ದಿನವಿಡೀ ಒಂದು ಬಗೆಯ ಮಂಪರು. ಕರೆದರೆ ಎರಡನೆಯ ಸಲಕ್ಕೆ ಓಗೊಡುತ್ತಿದ್ದಳು. ಅಮ್ಮನ ಬುಟ್ಟಿಯ ಹಿಂದೆ ಹೋಗುವ ಹಾಗೂ ಇರಲಿಲ್ಲ. ಹಳತು ಮೀನು ಯಾವುದು, ಹೊಸತು ಯಾವುದು ಎಂದು ಕಣ್ಣಲ್ಲಿ ಹೇಳಿದರೂ ಕೊಳ್ಳುವವರು ನಂಬಬೇಕಲ್ಲ.

ಅಂಥ ಹೊತ್ತಿಗೆ ಮಂಜೇಶ್ವರದ ಕಡೆ ಕಡಲ ಬದಿಯಲ್ಲಿ ಮೀನಿನ ಹುಡಿ ಮತ್ತು ಮೀನೆಣ್ಣೆ ಮಾಡುವ ಒಂದು ಫ್ಯಾಕ್ಟರಿ ಸುರುವಾಯಿತು. ಬೋಟುಗಳು ರಾಶಿ ರಾಶಿ ಬೂತಾಯಿ ಮೀನು ತರುತ್ತಿದ್ದ ಕಾಲ. ತಿನ್ನಲು ಹೋಗಿ ಉಳಿದದ್ದು, ಪೆಟ್ಟಾದದ್ದು, ಸಣ್ಣದು ಎಲ್ಲವೂ ಲಾರಿಗಳಲ್ಲಿ ಅಲ್ಲಿಗೆ ಹೋಗುತ್ತಿತ್ತು. ಕೆಲಸಕ್ಕೆ ಜನ ಬೇಕಿತ್ತು, ಆದರೆ ಬಂದವರು ಮಧ್ಯಾಹ್ನದ ಊಟದ ಹೊತ್ತಿಗೆ ವಾಂತಿ ಮಾಡಿಕೊಂಡು ಓಡುತ್ತಿದ್ದರು. ಕಡಲ ಮಕ್ಕಳೇ ತಾಳಲಾರದ ನಾತ ಅದು. ಮೋಹಿನಿ ಹೋದಳು. ಬೇಯುವ ಮೀನಿನ ಆವಿಯ ನಡುವೆ, ಸಂಜೆ ಹೊಳೆಬದಿಯಲ್ಲಿ ನಡೆಯುವವಳ ಹಾಗೆ ನಡೆದಾಡಿದಳು. ಅವಳು ಸೆರಗಿನಿಂದ ಮೂಗು ಮುಚ್ಚದೆ ಇದ್ದದ್ದನ್ನು ನೋಡಿ ಮೆನೇಜರು ಅವಳನ್ನು ಒಳಗಿನ ಶೆಡ್ಡಿಗೆ, ದೊಡ್ಡ ಯಂತ್ರದ ಬಳಿಗೆ ಕಳುಹಿಸಿದರು.

ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವರು ಮುಳ್ಳೇರಿಯ ಕಡೆಯ ಶಿವಸುಬ್ರಹ್ಮಣ್ಯ ಭಟ್ಟರು. ಪೌರೋಹಿತ್ಯದ ಮನೆಯವರು, ಐಟಿಐ ಕಲಿತು ಫಿಟ್ಟರ್ ಆದವರು. ಮನೆಯಲ್ಲಿ ಎಣ್ಣೆ ಮಿಲ್ಲಿನ ಕೆಲಸ ಎಂದಷ್ಟೇ ಹೇಳಿದ್ದರು, ಯಾವ ಎಣ್ಣೆ ಎಂದು ಯಾರೂ ಕೇಳಿರಲಿಲ್ಲ. ಕರವಸ್ತ್ರದ ತುದಿಯಲ್ಲಿ ಕರ್ಪೂರ ಗಂಟು ಹಾಕಿ, ಅದನ್ನು ಮೂಗಿನ ಮೇಲೆ ಕಟ್ಟಿಕೊಂಡೇ ಮಾತಾಡುತ್ತಿದ್ದರು. ಮೊಸರನ್ನದ ಬುತ್ತಿ ಬಿಚ್ಚಲು ಗೇಟಿನ ಹೊರಗೆ, ಗಾಳಿ ಬರುವ ದಿಕ್ಕಿಗಿದ್ದ ಗೇರುಮರದ ಅಡಿಗೆ ಹೋಗುತ್ತಿದ್ದರು.

ಯಂತ್ರದ ಹೆಸರು ಡಿಕ್ಯಾಂಟರ್. ಅಡ್ಡ ಮಲಗಿಸಿದ ಉದ್ದ ಉಕ್ಕಿನ ಡ್ರಮ್ಮು, ಒಂದು ತುದಿ ಅಗಲ, ಇನ್ನೊಂದು ತುದಿ ಸಪೂರ. ಬೇಯಿಸಿದ ಮೀನನ್ನು ಹಿಂಡಿದಾಗ ಬರುವ ರಸದಲ್ಲಿ ಎಣ್ಣೆ, ನೀರು, ಮಾಂಸದ ನುಣ್ಣನೆ ಹುಡಿ ಎಲ್ಲ ಕಲಸಿಕೊಂಡು ಇರುತ್ತದೆ. ಅದನ್ನು ಬಿಸಿ ಮಾಡಿ ಈ ಡ್ರಮ್ಮಿನೊಳಗೆ ಬಿಡಬೇಕು. ಅದು ಏನು ಮಾಡುತ್ತದೆ ಎಂದು ಮೋಹಿನಿ ಕೇಳಿದಾಗ ಭಟ್ಟರು ಕರವಸ್ತ್ರ ಸ್ವಲ್ಪ ಸಡಿಲ ಮಾಡಿದರು.

“ಮಳೆಗಾಲದಲ್ಲಿ ಹೊಳೆಯ ಕೆಂಪು ನೀರು ಕೊಡದಲ್ಲಿ ಇಟ್ಟರೆ ಬೆಳಗ್ಗೆಗೆ ಮಣ್ಣು ಅಡಿಗೆ ಇಳಿಯುತ್ತದಲ್ಲಾ? ನಮಗೆ ಅಷ್ಟು ಪುರುಸೊತ್ತು ಇಲ್ಲ. ಆದ ಕಾರಣ ಕೊಡವನ್ನೇ ತಿರುಗಿಸುವುದು.”

ಕೊಡ ತಿರುಗುವ ರಭಸಕ್ಕೆ ಭಾರದ್ದೆಲ್ಲ ಹೊರಗಿನ ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ, ಹಗುರದ್ದು ನಡುವಿನ ಕಡೆ ಉಳಿಯುತ್ತದೆ. ಡ್ರಮ್ಮಿನ ಒಳಗೆ ಇನ್ನೊಂದು ಉಂಟು, ತಿರುಪುಮೊಳೆಯ ಹಾಗಿನ ದೊಡ್ಡ ಸುರುಳಿ. ಅದೂ ತಿರುಗುತ್ತದೆ, ಆದರೆ ವೇಗ ಡ್ರಮ್ಮಿನದ್ದಕ್ಕಿಂತ ಚೂರು ಬೇರೆ. ಅಷ್ಟು ವ್ಯತ್ಯಾಸ ಇರುವುದರಿಂದಲೇ ಅದು ಗೋಡೆಗೆ ಅಂಟಿದ ಹುಡಿಯನ್ನು ಮೆಲ್ಲ ಮೆಲ್ಲ ಗೋರಿಕೊಂಡು ಸಪೂರ ತುದಿಗೆ ಒಯ್ಯುತ್ತದೆ. ಹುಡಿ ಅಲ್ಲಿ ನೀರಿನಿಂದ ಮೇಲೆ ಬಂದು, ಸೋರಿಕೊಂಡು, ಹೊರಗೆ ಬೀಳುತ್ತದೆ. ತಿಳಿಯಾದದ್ದು, ಎಣ್ಣೆಯೂ ನೀರೂ ಕೂಡಿ, ಅಗಲ ತುದಿಯ ಅಂಚು ದಾಟಿ ತಾನಾಗಿ ಉಕ್ಕಿ ಹರಿಯುತ್ತದೆ. ಆ ಅಂಚಿನ ತಟ್ಟೆಗಳನ್ನು ಬದಲಾಯಿಸಿ ಒಳಗಿನ ನೀರು ಆಳ ಮಾಡಿದರೆ ಹರಿಯುವುದು ಇನ್ನಷ್ಟು ತಿಳಿ, ಆದರೆ ಹುಡಿ ಒದ್ದೆ. ಆಳ ಕಡಿಮೆ ಮಾಡಿದರೆ ಹುಡಿ ಒಣ, ನೀರು ಕದಡು. ಎರಡೂ ಒಟ್ಟಿಗೆ ಸಿಗುವುದಿಲ್ಲ ಎಂದು ಭಟ್ಟರು ಹೇಳಿದರು.

ಅವಳು ಆ ಡ್ರಮ್ಮಿಗೆ ಮನಸೋತಳು. ಬೆಳಗ್ಗೆ ಅದು ಒಂದೇ ಸಲಕ್ಕೆ ಓಡುವುದಿಲ್ಲ. ಮೊದಲು ಗೊಣಗು, ಮತ್ತೆ ಮೂಗಿನಲ್ಲಿ ಹಾಡಿದ ಹಾಗೆ, ಮತ್ತೆ ಆ ಹಾಡು ಏರಿ ಏರಿ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ರಸ ಬಿಡಬಾರದು. ನಿಂತ ಮೇಲೆ ಅವಳು ವಾಲ್ವು ತಿರುಗಿಸಿ, ಯಂತ್ರದ ಕಬ್ಬಿಣದ ಕಾಲಿನ ಮೇಲೆ ಅಂಗೈ ಇಡುತ್ತಿದ್ದಳು. ನಡುಕ ಅಂಗೈಯಿಂದ ಮೊಣಕೈಗೆ, ಎದೆಗೆ ಏರುತ್ತಿತ್ತು. ವಾಸನೆ ಹೋದ ಮೇಲೆ ಲೋಕ ಅವಳನ್ನು ಇಷ್ಟು ಹತ್ತಿರ ಮುಟ್ಟಿದ್ದು ಅದೇ ಮೊದಲು. ಅವಳ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಒಳಗೆ ಕಡಲು ಸುತ್ತು ಹೊಡೆಯುತ್ತಿರುವ ಹಾಗೆ, ಬೆಳ್ಳಿಯ ಹಿಂಡೊಂದು ಒಟ್ಟಾಗಿ ತಿರುಗಿ ಮೈ ಹೊಳೆಯಿಸಿದ ಹಾಗೆ ಕಾಣುತ್ತಿತ್ತು. ಹುಡಿಯಾಗಿ ಬಿದ್ದದ್ದು ಮೀನಲ್ಲ, ಮೀನಿನ ಭಾರ ಮಾತ್ರ. ಮೀನು ತಿಳಿಯಾಗಿ ಆಚೆಯಿಂದ ಹರಿದುಹೋಗುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು. ಭಟ್ಟರು, ಎಲ್ಲಿದ್ದಿ ಮೋಹಿನಿ, ಎಂದು ಕೇಳಿದರೆ ಬೆಚ್ಚಿ, ಇಲ್ಲೇ ಭಟ್ರೆ, ಎಂದು ಹರಿದು ಬಂದ ತಿಳಿಯನ್ನು ಬಾಟ್ಲಿಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತುತ್ತಿದ್ದಳು.

ಸಂಜೆ ಮನೆಗೆ ಬಸ್ಸು. ಮುಂದಿನ ಬಾಗಿಲಲ್ಲಿ ಹತ್ತಿದ ಮೊದಲ ದಿನವೇ ಕಂಡಕ್ಟರು, ಅಕ್ಕಾ, ಹಿಂದೆ ಹೋಗಿ, ಕಿಟಕಿ ಉಂಟು, ಗಾಳಿ ಬರುತ್ತದೆ, ಎಂದಿದ್ದ. ಎಷ್ಟು ಒಳ್ಳೆಯ ಹುಡುಗ ಎಂದುಕೊಂಡು ಮೋಹಿನಿ ಹಿಂದಿನ ಉದ್ದ ಸೀಟಿನ ಮೂಲೆಯಲ್ಲಿ ಕೂತಳು. ಅವಳ ಪಕ್ಕ ಯಾವತ್ತೂ ಯಾರೂ ಕೂತುಕೊಳ್ಳುತ್ತಿರಲಿಲ್ಲ. ಬಸ್ಸು ಕಿಕ್ಕಿರಿದಾಗಲೂ ಆ ಸೀಟಿನಲ್ಲಿ ಜಾಗ ಇರುತ್ತಿತ್ತು. ಕಾಲು ಚಾಚಿ, ತಲೆ ಸರಳಿಗೆ ಒರಗಿಸಿ, ಡ್ರಮ್ಮಿನ ಹಾಡು ಇನ್ನೂ ಕಿವಿಯಲ್ಲಿರುವಾಗ ತೆಂಗಿನ ಸಾಲುಗಳು ಹಿಂದೆ ಹೋಗುವುದನ್ನು ನೋಡುವುದು ಅವಳಿಗೆ ದಿನದ ಸುಖವಾಯಿತು. ಜನ ತನಗೆ ಮರ್ಯಾದೆ ಕೊಡುತ್ತಾರೆ ಎಂದೇ ಅವಳು ತಿಳಿದಿದ್ದಳು.

ಒಂದು ಸಂಜೆ ಉಪ್ಪಳದಲ್ಲಿ ಒಬ್ಬ ಹತ್ತಿ ನೇರ ಬಂದು ಆ ಜಾಗದಲ್ಲಿ ಕೂತ. ತೆಳ್ಳಗಿನ ಆಳು, ತೋಳಿನ ಕೂದಲಿನಲ್ಲಿ ಮೈದಾ ಹಿಟ್ಟು. ಹೆಸರು ಲತೀಶ್, ಉಪ್ಪಳದ ಒಂದು ಬೇಕರಿಯ ಒಲೆಯ ಬಳಿ ಕೆಲಸ, ಮನೆ ಆರಿಕ್ಕಾಡಿ ಎಂಬುದೆಲ್ಲ ಆಮೇಲೆ ಗೊತ್ತಾದದ್ದು. ಅವನು, ನೀವು ಎಂತ ಕೆಲಸ ಮಾಡುವುದು, ಎಂದು ಕೇಳಿದ. ಆ ಪ್ರಶ್ನೆಯನ್ನು ಅವಳಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮೋಹಿನಿ ಡ್ರಮ್ಮಿನಿಂದ ಸುರು ಮಾಡಿದಳು. ಕೆಂಪು ನೀರಿನ ಕೊಡ, ಒಳಗಿನ ಸುರುಳಿ, ಸಪೂರ ತುದಿ ಹೇಳುವಷ್ಟರಲ್ಲಿ ಶಿರಿಯ ಬಂತು. ತಿಳಿ ಎಲ್ಲಿಂದ ಹೊರಗೆ ಬರುತ್ತದೆ ಎಂದು ಹೇಳಲು ಉಳಿಯಿತು.

ಅದನ್ನು ಮರುದಿನ ಹೇಳಿದಳು. ಆಮೇಲೆ ದಿನವೂ ಹೇಳಲು ಏನಾದರೂ ಇರುತ್ತಿತ್ತು. ಕರೆಂಟು ಹೋಗಿ ಡ್ರಮ್ಮು ಬಹಳ ಹೊತ್ತು ತಾನೇ ತಿರುಗಿ ತಿರುಗಿ ನಿಂತದ್ದು, ಕೊಬ್ಬಿನ ಮೀನು ಬಂದ ದಿನ ರಸದ ಬಣ್ಣವೇ ಬೇರೆ ಆದದ್ದು. ಅವನು ರಸ್ಕು ಎರಡು ಸಲ ಬೇಯುವ ಕಥೆ ಹೇಳುತ್ತಿದ್ದ. ಹೀಗೆ ಒಂದು ಮಳೆಗಾಲ, ಒಂದು ಬೇಸಗೆ ಕಳೆದು ಲತೀಶ್ ಕಿನ್ನಿಯ ಮನೆಗೆ ಬಂದು ಮದುವೆಯ ಮಾತು ಎತ್ತಿದ. ಕಿನ್ನಿ ಅವನನ್ನು ಅಂಗಳದ ಮೂಲೆಗೆ ಕರೆದು, ಮಗಳ ಕೆಲಸದ ಸಂಗತಿ ಗೊತ್ತುಂಟಲ್ಲ, ಎಂದು ಮೆಲ್ಲಗೆ ಕೇಳಿದಳು. ಗೊತ್ತುಂಟು, ದಿನಾ ಗೊತ್ತಾಗುತ್ತದೆ, ಎಂದ ಅವನು. ಅವರಿಬ್ಬರೂ ಯಾಕೆ ನಕ್ಕರು ಎಂದು ಮೋಹಿನಿಗೆ ತಿಳಿಯಲಿಲ್ಲ.

ಮದುವೆಯಾಗಿ ಅವಳು ಆರಿಕ್ಕಾಡಿಗೆ ಹೋದಳು. ಮಗಳು ಹುಟ್ಟಿದಳು, ಯಶ್ಮಿತಾ ಎಂದು ಹೆಸರಿಟ್ಟರು. ಬಾಣಂತನ ಮುಗಿಸಿ ಮೋಹಿನಿ ಮತ್ತೆ ಡ್ರಮ್ಮಿನ ಬಳಿಗೆ ಬಂದಳು. ಕಡಲಿನಲ್ಲಿ ಬೂತಾಯಿ ಹಿಂದೆಂದೂ ಕಾಣದಷ್ಟು ಸಿಕ್ಕಿದ ವರ್ಷ ಬಂತು. ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಆ ವರ್ಷದ ಒಂದು ಬೆಳಗ್ಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಗಂಡನ ಅಂಗಿಯನ್ನು ನೀರಿಗೆ ಅದ್ದುವ ಮೊದಲು ಅವಳ ಕೈ ನಿಂತಿತು.

ಏನೋ ಒಂದು ಇತ್ತು. ಬಣ್ಣವಲ್ಲ, ಸದ್ದಲ್ಲ. ಅಂಗಿಯನ್ನು ಮುಖಕ್ಕೆ ಹತ್ತಿರ ತಂದರೆ ಹೆಚ್ಚಾಗುತ್ತಿತ್ತು, ದೂರ ಹಿಡಿದರೆ ಹೋಗುತ್ತಿತ್ತು. ಏಲಕ್ಕಿ. ಏಲಕ್ಕಿಯ ಹಿಂದೆ ಸುಟ್ಟ ಸಕ್ಕರೆ, ಬಿಸಿ ಹಿಟ್ಟು. ಹೆಸರುಗಳು ಎಲ್ಲಿಂದಲೋ ಒಂದೊಂದಾಗಿ ನಡೆದುಕೊಂಡು ಬಂದವು. ತಾನು ಮದುವೆಯಾದವನು ಇಷ್ಟು ವರ್ಷ ಹಬ್ಬದ ಅಡಿಗೆಮನೆಯ ಹಾಗೆ ಪರಿಮಳಿಸುತ್ತಿದ್ದ ಎಂಬುದು ಅವಳಿಗೆ ಆಗ ತಿಳಿಯಿತು. ಅಂಗಿಯನ್ನು ಅಲ್ಲೇ ಬಿಟ್ಟು ಒಳಗೆ ಓಡಿ ಮಲಗಿದ್ದ ಮಗುವಿನ ಕುತ್ತಿಗೆಯಲ್ಲಿ ಮೂಗಿಟ್ಟಳು. ಹಾಲು, ಬೆವರು, ಪೌಡರು, ಅದರಡಿಯಲ್ಲಿ ಯಾವ ಹೆಸರೂ ಇಲ್ಲದ ಇನ್ನೊಂದು. ಹೆತ್ತ ಮಗಳ ವಾಸನೆಯನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಮಗು ಎಚ್ಚರಾಗಿ ಅಮ್ಮ ಅಳುವುದನ್ನು ನೋಡಿ ತಾನೂ ಅತ್ತಿತು.

ಲತೀಶ್ ಬೆಳಕು ಹರಿಯುವ ಮುಂಚೆಯೇ ಬೇಕರಿಗೆ ಹೋಗಿಯಾಗಿತ್ತು. ಸಂಜೆ ಹೇಳುವ ಎಂದುಕೊಂಡು ಮೋಹಿನಿ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಕೆಲಸಕ್ಕೆ ಹೊರಟಳು. ದಾರಿಯುದ್ದಕ್ಕೂ ವಾಸನೆಗಳು ಅವಳನ್ನು ತಡೆದು ನಿಲ್ಲಿಸಿದವು. ಬಸ್ಸಿನ ಡೀಸೆಲ್, ಯಾರದೋ ಮುಡಿಯ ಹೂವು, ಹೋಟೆಲಿನ ಸಾಂಬಾರು. ಕನಸಿನಲ್ಲಿ ನಡೆಯುವವಳ ಹಾಗೆ ಬಂದವಳು ಫ್ಯಾಕ್ಟರಿಯ ಗೇಟು ದಾಟಿದಾಗ ಯಾರೋ ಎದೆಗೆ ಗುದ್ದಿದಂತಾಯಿತು. ಹೊರಗೆ ಓಡಿ, ಗೇರುಮರದ ಬುಡ ಹಿಡಿದು, ಬೆಳಗ್ಗೆ ತಿಂದದ್ದನ್ನೆಲ್ಲ ಕಾರಿದಳು.

ಆ ದಿನ ಅವಳ ಗಮನ ಕೆಲಸದಲ್ಲಿ ಇರಲಿಲ್ಲ. ಮಧ್ಯಾಹ್ನ ಮೀನು ಮುಗಿದು ಯಂತ್ರ ನಿಲ್ಲಿಸುವಾಗ, ಡ್ರಮ್ಮು ಇನ್ನೂ ತಿರುಗುತ್ತಿರುವಾಗಲೇ ಬಿಸಿನೀರು ಬಿಟ್ಟು ಒಳಗೆ ತೊಳೆಯಬೇಕು. ಅವಳು ಅದನ್ನು ಮರೆತು ಸ್ವಿಚ್ಚು ಆರಿಸಿ ಹೊರಗೆ ಹೋದಳು. ಗೋಡೆಗೆ ಅಂಟಿದ ಹುಡಿ ಅಲ್ಲೇ ಆರಿ, ಒಂದು ಬದಿಗೆ ಜಾರಿ ಕೂತಿತು. ಹೊಸ ಲಾರಿ ಬಂದು ಮತ್ತೆ ಸುರು ಮಾಡಿದಾಗ ಹಾಡು ಏರಲೇ ಇಲ್ಲ. ಇಡೀ ಶೆಡ್ಡು ನಡುಗಿತು, ಕಿಟಕಿಯ ಬಾಟ್ಲಿಗಳು ಕೆಳಗೆ ಬಿದ್ದವು. ಭಟ್ಟರು ಓಡಿ ಬಂದು ನಿಲ್ಲಿಸಿದರು. ಡ್ರಮ್ಮು ಪೂರ್ತಿ ನಿಲ್ಲುವವರೆಗೆ ಇಬ್ಬರೂ ಕಾದರು. ಮತ್ತೆ ಬೋಲ್ಟು ಬಿಚ್ಚಿ, ಸರಪಳಿಯಲ್ಲಿ ಎತ್ತಿ, ಸುರುಳಿಯನ್ನು ಹೊರಗೆ ಎಳೆದರು.

ಒಳಗೆ ಹುಡಿ ಕುಂಬಾರನ ಮಣ್ಣಿನ ಹಾಗೆ ನಯವಾಗಿ, ಗಟ್ಟಿಯಾಗಿ ಒಂದೇ ಬದಿಗೆ ಕೂತಿತ್ತು. ಮೋಹಿನಿ ಮರದ ಸಟ್ಟುಗದಿಂದ ಅದನ್ನು ಕೆರೆಯುತ್ತಾ ಕೆರೆಯುತ್ತಾ ತಲೆ ಎತ್ತದೆ, ಮೂಗಿಗೆ ವಾಸನೆ ಮರಳಿದ ಸಂಗತಿ ಹೇಳಿದಳು. ಭಟ್ಟರು ಬೈಯಲಿಲ್ಲ. ಕಿಸೆಯಿಂದ ಇನ್ನೊಂದು ಒಗೆದ ಕರವಸ್ತ್ರ ತೆಗೆದು, ಕರ್ಪೂರ ಮುರಿದು ಗಂಟು ಹಾಕಿದರು.

“ತಕೋ. ಇನ್ನು ನಿನಗೂ ಬೇಕಾಗುತ್ತದೆ.”

ಸಂಜೆ ಬಸ್ಸಿನಲ್ಲಿ ಅವಳಿಗೆ ತನ್ನ ಮೈಯ ವಾಸನೆ ಬಂತು. ಸೀರೆಯಲ್ಲಿ, ಕೂದಲಲ್ಲಿ, ಉಗುರಿನ ಸಂದಿಯಲ್ಲಿ. ಮುಂದಿನ ಸೀಟಿನ ಹೆಂಗಸು ಸೆರಗು ಮೂಗಿಗೆ ಒತ್ತಿಕೊಂಡಿದ್ದಳು, ಒಬ್ಬಾತ ಎದ್ದು ಬಾಗಿಲ ಬಳಿ ನಿಂತ. ಹಿಂದೆ ಗಾಳಿ ಉಂಟು ಎಂದ ಕಂಡಕ್ಟರ ಮಾತು, ಖಾಲಿ ಇರುತ್ತಿದ್ದ ಜಾಗ, ಅಂಗಳದ ಮೂಲೆಯ ನಗು ಎಲ್ಲವೂ ಒಟ್ಟಿಗೆ ಅರ್ಥವಾದವು. ಉಪ್ಪಳದಲ್ಲಿ ಲತೀಶ್ ಹತ್ತುವ ಮೊದಲೇ ಅವಳು ಇಳಿದುಬಿಟ್ಟಳು. ಅವನು ಬಸ್‌ಸ್ಟಾಪಿನಲ್ಲೇ ನಿಂತಿದ್ದ. ಏನಾಯಿತು ಎಂದು ಕೇಳಿದ. ಬಸ್ಸು ಹೋಯಿತು. ಅವಳು ಅವನಿಂದ ದೂರ ಸರಿದು ನಿಂತು ಬೆಳಗ್ಗಿನಿಂದ ಆದದ್ದನ್ನೆಲ್ಲ ಹೇಳಿದಳು.

“ಇಷ್ಟು ವರ್ಷ ನೀವು ಹೇಗೆ ಕೂತಿರಿ?” ಎಂದು ಕೇಳಿದಳು.

ಲತೀಶ್ ಸುಳ್ಳು ಹೇಳಲಿಲ್ಲ. “ಸುರುವಿನ ದಿನ ತಲೆ ತಿರುಗಿದ್ದು ಹೌದು. ನಿಲ್ಲಲಿಕ್ಕೆ ಆಗದಷ್ಟು ಕಾಲು ನೋಯುತ್ತಿತ್ತು, ಹಾಗೆ ಕೂತದ್ದು. ಬಂದ್ಯೋಡು ಬಂದಾಗ ಏಳುವ ಅಂತ ಇದ್ದೆ. ಅಷ್ಟರಲ್ಲಿ ನೀನು ಆ ಡ್ರಮ್ಮಿನ ಸಂಗತಿ ತೆಗೆದಿ. ತಿಳಿನೀರು ಎಲ್ಲಿಂದ ಬರುತ್ತದೆ ಅಂತ ಹೇಳದೆ ಇಳಿದುಹೋದಿ. ಮರುದಿನ ಕೇಳಬೇಕಲ್ಲ ಮಾರಾಯ್ತಿ.”

ಆ ಸಂಜೆ ಅವರು ಉಪ್ಪಳದಲ್ಲಿ ಬಸ್ಸು ಹತ್ತಲಿಲ್ಲ. ಬಂದ್ಯೋಡಿನವರೆಗೂ ಹೆದ್ದಾರಿಯ ಬದಿಯಲ್ಲಿ ನಡೆದರು. ಗಾಳಿ ಕಡಲಿನಿಂದ ಬೀಸುತ್ತಿತ್ತು. ಮೋಹಿನಿಯ ಮೂಗಿಗೆ ಒಮ್ಮೆ ಉಪ್ಪು, ಒಮ್ಮೆ ಯಾರದೋ ಅಂಗಳದಲ್ಲಿ ಸುಡುವ ತರಗೆಲೆ, ಒಮ್ಮೆ ಪಕ್ಕದವನ ಏಲಕ್ಕಿ ತಾಗುತ್ತಿತ್ತು. ಅವಳು ಕೆಲಸ ಬಿಟ್ಟರೆ ತನಗೆ ಬೇಸರ ಇಲ್ಲ ಎಂದು ಲತೀಶ್ ಹೇಳಿದ. ಆ ನಾತದ ನಡುವಿನಿಂದಲೇ ಅಷ್ಟು ತಿಳಿ ಹರಿಯುವುದನ್ನು ನೋಡದೆ ತನ್ನಿಂದ ಇರಲಾಗದು ಎಂದು ಅವಳು ಹೇಳಿದಳು.

ಮರುವಾರ ಅವಳು ಮೆನೇಜರ ಎದುರು ನಿಂತು ಸ್ನಾನದ ಕೋಣೆ ಕೇಳಿದಳು. ಬಾಯ್ಲರಿನ ಬಿಸಿನೀರು ಚರಂಡಿಗೆ ಹೋಗುತ್ತದೆ, ಅದನ್ನು ಗೋಡೆಯಾಚೆ ಎರಡು ನಲ್ಲಿಗೆ ತಿರುಗಿಸಿದರೆ ಸಾಕು, ಈಚೆಗೆ ಸೇರಿದ ಹೆಂಗಸರೂ ನಾನೂ ಮಿಂದು ಬಟ್ಟೆ ಬದಲಾಯಿಸಿ ಬಸ್ಸು ಹತ್ತುತ್ತೇವೆ ಎಂದಳು. ಮೆನೇಜರು ನೋಡುವ ಎಂದರು. ಅವರು ನೋಡಲಿಲ್ಲ. ಮಳೆಗಾಲ ಹಿಡಿಯುವ ಮೊದಲು ಭಟ್ಟರೇ ಪೈಪು ಎಳೆದರು, ಹೆಂಗಸರು ಕೆಂಪುಕಲ್ಲು ಹೊತ್ತು ಗೋಡೆ ಕಟ್ಟಿಸಿದರು. ಲಿಂಬೆಹುಳಿಯ ಸಿಪ್ಪೆ ಉಜ್ಜಿ ಮಿಂದು, ಒದ್ದೆ ಕೂದಲು ಇಳಿಬಿಟ್ಟು ಅವರೆಲ್ಲ ಮುಂದಿನ ಬಾಗಿಲಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರು ಟಿಕೇಟು ಹರಿಯುತ್ತಾ ಬೇರೆ ಕಡೆ ನೋಡಿದ. ಮೋಹಿನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಆಮೇಲೆ ಬೂತಾಯಿ ಕಡಿಮೆಯಾಯಿತು. ಒಂದು ವರ್ಷ ಸಣ್ಣದು ಬಂತು, ಮರುವರ್ಷ ಅದೂ ಇಲ್ಲ. ಬೋಟಿನವರು ಕಡಲ ನೀರು ಬೆಚ್ಚಗಾಗಿದೆ ಎಂದರು, ಕೆಲವರು ಮರಿಗಳನ್ನೂ ಬಿಡದೆ ಹಿಡಿದದ್ದರ ಫಲ ಎಂದರು. ನಮ್ಮ ಡ್ರಮ್ಮೇ ತಿಂದದ್ದೋ ಏನೋ ಎಂದು ಮೋಹಿನಿಗೆ ಕೆಲವೊಮ್ಮೆ ಅನಿಸುತ್ತಿತ್ತು. ಕಿನ್ನಿ ಬುಟ್ಟಿ ಮಗುಚಿ ಮನೆಯಲ್ಲಿ ಕೂತಳು. ಫ್ಯಾಕ್ಟರಿ ವಾರಕ್ಕೆ ಎರಡು ದಿನ ಓಡಿತು, ತಿಂಗಳಿಗೆ ಎರಡು ದಿನ ಓಡಿತು, ಆಮೇಲೆ ಪೂರ್ತಿ ನಿಂತಿತು. ನಿಂತ ದಿನ ಮೋಹಿನಿ ಬಿಸಿನೀರು ಬಿಟ್ಟು ಡ್ರಮ್ಮನ್ನು ಬಹಳ ಹೊತ್ತು ತೊಳೆದಳು. ಹೊರಗೆ ಬರುವುದು ಬಾವಿಯ ನೀರಿನಷ್ಟು ತಿಳಿಯಾದ ಮೇಲೂ ವಾಲ್ವು ಮುಚ್ಚಲಿಲ್ಲ. ಭಟ್ಟರು ಸಾಕು ಎನ್ನುವವರೆಗೂ ಬಿಟ್ಟಳು.

ಒಂದು ವರ್ಷ ಅವಳು ಮನೆಯಲ್ಲಿದ್ದಳು. ಮತ್ತೆ ಭಟ್ಟರ ಫೋನು ಬಂತು. ಮೀಂಜದಲ್ಲಿ ಸತ್ಯವತಿ ಎಂಬ ಕೃಷಿಕರು, ಹಿಂದೆ ಶಾಲೆಯಲ್ಲಿ ಟೀಚರಾಗಿದ್ದವರು, ನೆರೆಕರೆಯವರನ್ನು ಸೇರಿಸಿಕೊಂಡು ತೆಂಗಿನ ಹಾಲಿನಿಂದ ಎಣ್ಣೆ ತೆಗೆಯುವ ಸಣ್ಣ ಫ್ಯಾಕ್ಟರಿ ಇಟ್ಟಿದ್ದಾರೆ, ತಿರುಗುವ ಯಂತ್ರ ಕಂಡವರು ಬೇಕಂತೆ. ಮೋಹಿನಿ ಹೋಗಿ ಜಗಲಿಯಲ್ಲಿ ಕೂತಳು. ಕೆಲಸದ ಮಾತೆಲ್ಲ ಮುಗಿದ ಮೇಲೆ ಎದ್ದು, ಸತ್ಯವತಿಯವರ ಎದುರು ಎರಡೂ ಕೈ ಚಾಚಿದಳು.

“ವಾಸನೆ ಉಂಟಾ ನೋಡಿ ಅಕ್ಕ. ಇದ್ದರೆ ನಾನು ಬರುವುದಿಲ್ಲ.”

ಸತ್ಯವತಿ ಕನ್ನಡಕ ತೆಗೆದು, ನಿಜವಾಗಿಯೂ ಬಗ್ಗಿ ಮೂಸಿ ನೋಡಿದರು. ಲಿಂಬೆಹುಳಿ ಮಾತ್ರ ಎಂದು ಹೇಳಿದರು.

ಇಲ್ಲಿನ ಯಂತ್ರ ಬೇರೆ ಜಾತಿಯದು. ಡ್ರಮ್ಮು ಮಲಗಿರಲಿಲ್ಲ, ನೆಟ್ಟಗೆ ನಿಂತಿತ್ತು. ಒಳಗೆ ಸುರುಳಿಯ ಬದಲು ತೆಳು ತಗಡಿನ ಮುಟ್ಟಾಳೆ ಟೊಪ್ಪಿಗಳನ್ನು ಒಂದರ ಮೇಲೊಂದು ಕವಚಿದ ಹಾಗಿನ ಪದರಗಳು. ಆ ಪದರಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಎಣ್ಣೆ ಒಳಗೆ ಸರಿದು ಮೇಲೇರಿ ಒಂದು ಕೊಳವೆಗೆ, ನೀರು ಹೊರಗೆ ಸರಿದು ಇನ್ನೊಂದು ಕೊಳವೆಗೆ ಹೋಗುತ್ತಿತ್ತು. ಉಳಿದ ಗಸಿ ಅಂಚಿನಲ್ಲಿ ಸೇರುತ್ತಿತ್ತು. ಅದನ್ನು ಗೋರಿ ತೆಗೆಯುವವರು ಒಳಗೆ ಯಾರೂ ಇಲ್ಲ. ಆಗೊಮ್ಮೆ ಈಗೊಮ್ಮೆ ಡ್ರಮ್ಮು ತಿರುಗುತ್ತಿರುವಾಗಲೇ ಅದರ ಹೊಟ್ಟೆ ಕಣ್ಣು ಮಿಟುಕಿಸುವಷ್ಟು ಹೊತ್ತು ತೆರೆದು, ಗಸಿಯನ್ನು ಹೊರಗೆಸೆದು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮೊದಲ ದಿನ ಆ ಧಡ್ ಸದ್ದಿಗೆ ಮೋಹಿನಿ ಮಾರು ದೂರ ಹಾರಿದಳು, ಸತ್ಯವತಿಯವರೂ ಹಾರಿದರು. ಕೆಲವು ವಾರ ಎಣ್ಣೆ ಕದಡು ಬಂತು, ಹಾಲು ತಣ್ಣಗಾಗಿ ಕಟ್ಟಿಕೊಂಡಿತು, ಭಟ್ಟರು ಬಂದು ಎರಡು ಸಲ ಬಿಚ್ಚಿ ಜೋಡಿಸಿದರು. ಗಸಿ ಎಷ್ಟು ಹೊತ್ತಿಗೊಮ್ಮೆ ಎಸೆಯಬೇಕು ಎಂಬುದನ್ನು ಇಬ್ಬರು ಹೆಂಗಸರು ಬಾಟ್ಲಿ ಹಿಡಿದು ಹಿಡಿದು ಕಲಿತರು.

ಎರಡು ಸಾವಿರದ ಹತ್ತೊಂಬತ್ತರ ಒಂದು ಶನಿವಾರ ಯಶ್ಮಿತಾಳಿಗೆ ಶಾಲೆ ಇರಲಿಲ್ಲ, ಅಮ್ಮನ ಜೊತೆ ಬಂದಿದ್ದಳು. ಬೆಳಗ್ಗಿನ ಹಾಲು ಒಳಗೆ ಹೋಗಿ, ಯಂತ್ರದ ಹಾಡು ಏರಿ ಒಂದೇ ಎತ್ತರಕ್ಕೆ ಬಂದಿತ್ತು. ಮೋಹಿನಿ ಎಣ್ಣೆಯ ಕೊಳವೆಯ ಬಾಯಿಗೆ ಗ್ಲಾಸು ಹಿಡಿದಳು. ಮೊದಲು ಹನಿ, ಮತ್ತೆ ನೂಲು. ಇದರಾಚೆಯಿಂದ ಗೇಟು ಕಾಣುತ್ತದೆ ಎಂದಳು ಮಗಳು, ಗ್ಲಾಸಿನ ಮೂಲಕ ಹೊರಗೆ ನೋಡುತ್ತಾ. ಗೇಟಿನಲ್ಲಿ ತೆಂಗಿನಕಾಯಿಯ ಜೀಪು ಹಾರ್ನ್ ಹಾಕುತ್ತಿತ್ತು. ಮೋಹಿನಿ ಗ್ಲಾಸನ್ನು ಅವಳ ಕೈಗೆ ಕೊಟ್ಟು, ಚೆಲ್ಲಬೇಡ, ಸತ್ಯವತಿ ಟೀಚರಿಗೆ ತೋರಿಸಿ ಬಾ, ಎಂದು ಕಳುಹಿಸಿ ಗೇಟು ತೆರೆಯಲು ಹೋದಳು.